ಎಳೆ ಕೂಸು, ಎಳೆ ಬಿಸಿಲು

1/6
ಈ ಫೋಟೊದಲ್ಲಿರೋದು ಅಕ್ಕನ ಮಗಳ ಕುಲಾವಿ. ಮುಖ ಹಾಕಲ್ಲ. ದೃಷ್ಟಿ ಆಗುತ್ತೆ ಅಂತ ಅಜ್ಜಿ ಆರ್ಡರ್.
ಕೂಸಿಗೆ ಎರಡು ತಿಂಗಳು. ಬಾಣಂತನಕ್ಕೆ ಬಂದಿರೋ ಅಕ್ಕ "ಬಿಸಿಲಿಗೆ ಒಂಚೂರು ಎತ್ಕೊಂಡು ಹೋಗ್ಲಾ?" ಅಂದ್ರೆ ಮನೆಯವರೆಲ್ಲ ಒಟ್ಟಿಗೆ, "ಈ ಚಳೀಲಾ?" ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಫ್ರೆಂಡ್ಸ್, ನಿಮ್ಮನೇಲೂ ಇದೇ ಡೈಲಾಗ್ ಅಲ್ವಾ?
ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಆರೋಗ್ಯವಾಗಿರೋ ಕೂಸನ್ನು ಚಳಿಗಾಲದಲ್ಲೂ ಹೊರಗೆ ಕರ್ಕೊಂಡು ಹೋಗಬಹುದು. ಆದರೆ ಹೋದ ಕೂಸು ಬೆಚ್ಚಗಿನ ಮನೆಗೆ ವಾಪಸ್ ಬರಬೇಕು. ಈ ಎರಡನೇ ಮಾತು ಯಾಕೆ ಅಂತ ನಾಲ್ಕನೇ ಫೋಟೊದಲ್ಲಿ ಹೇಳ್ತೀನಿ.

2/6
ಅಜ್ಜಿ ಭಯ ಸುಳ್ಳಲ್ಲ. ಎಳೆ ಮಗು ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡ್ಕೊಳ್ಳಲ್ಲ. ಮೈಯಲ್ಲಿ ಕೊಬ್ಬು ಕಡಿಮೆ, ತಲೆ ದೊಡ್ಡದು, ಶಾಖ ಬೇಗ ಹೋಗುತ್ತೆ. ನವಜಾತ ಶಿಶುವಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸು, ತಿಂಗಳು ತುಂಬದೆ ಹುಟ್ಟಿದ ಕೂಸು ಆದ್ರೆ ಡಾಕ್ಟರನ್ನ ಕೇಳದೆ ಹೊರಗೆ ಬೇಡ.
ಆದ್ರೆ ನೆಗಡಿ ಬರೋದು ವೈರಸ್‌ನಿಂದ. ಮುಚ್ಚಿದ ಕೋಣೆಗೆ ಬಂದು ಕೆಮ್ಮುತ್ತಾ ಕೆನ್ನೆಗೆ ಮುತ್ತು ಕೊಡೋ ನೆಂಟರಿಗೆ ಯಾರೂ ಏನೂ ಅನ್ನಲ್ಲ! ಕಿಟಕಿ ಮುಚ್ಚಿ ಕೆಂಡ ಇಡೋದಂತೂ ಚಳಿಗಿಂತ ಅಪಾಯ. ಅದರ ಹೊಗೆ ಪ್ರಾಣಾನೇ ತೆಗೀಬಹುದು.

3/6
ಹೇಗೆ ಹೋಗೋದು? ಮಂಜು ಕರಗಿ ಬಿಸಿಲು ಬಂದ ಮೇಲೆ. ಹತ್ತು ಹದಿನೈದು ನಿಮಿಷ ಸಾಕು. ನಾವು ಹಾಕಿರೋದಕ್ಕಿಂತ ಒಂದು ಪದರ ಜಾಸ್ತಿ ಬಟ್ಟೆ, ತಲೆಗೆ ಕುಲಾವಿ, ಕಾಲಿಗೆ ಸಾಕ್ಸ್. ಎದೆಗೆ ಅವಚಿಕೊಂಡಿದ್ರೆ ಇನ್ನೂ ಬೆಚ್ಚಗೆ. ಮೂಗು, ಬಾಯಿ ಮಾತ್ರ ಮುಚ್ಚಬೇಡಿ. ಬೈಕ್ ಅಂತೂ ಬೇಡವೇ ಬೇಡ, ಆ ಗಾಳಿ ನಮಗೇ ತಡೆಯೋಕಾಗಲ್ಲ.
ಆಗಾಗ ಹೊಟ್ಟೆ, ಪಾದ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ರೆ ಮನೆಗೆ ತಿರುಗಿ. ಎರಡೂ ತಣ್ಣಗಿದ್ರೆ, ಹಾಲು ಕುಡೀತಿಲ್ಲ ಅಂದ್ರೆ, ಉಸಿರು ಜೋರಾಗಿದ್ರೆ, ಕೂಸನ್ನ ಬರಿ ಎದೆಗೆ ಅಪ್ಪಿಕೊಂಡು ಮೇಲೆ ಹೊದ್ದುಕೊಂಡು ನೇರ ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ.

4/6
ಈಗ ಆ ಎರಡನೇ ಮಾತು. 2023ರ ಜುಲೈ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿ. ಸೂತಕ ಅಂತ ಬಾಣಂತಿಯನ್ನೂ ಎಳೆ ಕೂಸನ್ನೂ ಊರಾಚೆ ಗುಡಿಸಲಲ್ಲಿ ಇಟ್ಟಿದ್ರು. ಮಳೆ, ಥಂಡಿ ಗಾಳಿ. ಕೂಸಿಗೆ ಹುಷಾರು ತಪ್ಪಿತು, ಆಸ್ಪತ್ರೆಗೆ ಸೇರಿಸಿದ್ರೂ ಉಳೀಲಿಲ್ಲ.
ನಮ್ಮನೇಲಿ ಹತ್ತು ನಿಮಿಷದ ಬಿಸಿಲಿಗೆ ಹೆದರ್ತೀವಿ. ಅದೇ ಜಿಲ್ಲೆಯಲ್ಲಿ ಇನ್ನೊಂದು ಕೂಸು ಹಗಲೂ ರಾತ್ರಿ ಹೊರಗೇ ಇತ್ತು. ನೋಡೋಕೆ ಎರಡೂ ತದ್ವಿರುದ್ಧ. ಆದ್ರೆ ಎರಡು ಕಡೆಯೂ ತಾಯಿಯನ್ನು ಯಾರೂ ಕೇಳಲಿಲ್ಲ.

5/6
ಇದು ಒಂದು ಸಮುದಾಯವನ್ನ ಬೈಯೋ ಪೋಸ್ಟ್ ಅಲ್ಲ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ನಮ್ಮ ಸೀಮೆಯ ಹೆಮ್ಮೆ, ಅವನ ಗುಡ್ಡೆ ಇರೋದೇ ಸಿರಾ ತಾಲ್ಲೂಕಿನ ಕಳುವರಹಳ್ಳೀಲಿ. ಈ ಪದ್ಧತಿ ಬೇಡ ಅಂತ ಹಟ್ಟಿಯ ಒಳಗಿಂದಲೇ ಓದಿದ ಹುಡುಗೀರು ಹೇಳ್ತಿದ್ದಾರೆ.
ಕಾನೂನೂ ಇದೆ. ಜನ ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯೋ 2017ರ ಕಾಯ್ದೆ ಪ್ರಕಾರ ಮುಟ್ಟಾದವರನ್ನ, ಗರ್ಭಿಣಿಯರನ್ನ ಬಲವಂತವಾಗಿ ಹೊರಗಿಡೋದು ಅಪರಾಧ. ಸರ್ಕಾರ ಹಟ್ಟಿಗಳಲ್ಲಿ ಕೃಷ್ಣ ಕುಟೀರ ಅಂತ ಕಟ್ಟಡ ಕಟ್ಟಿಸಿತ್ತು. ನನ್ನ ಪ್ರಕಾರ ಅದು ಉತ್ತರ ಅಲ್ಲ. ಗುಡಿಸಲಿಗೆ ಸಿಮೆಂಟ್ ಹಾಕಿದ್ರೂ ಹೊರಗಿಟ್ಟಿದ್ದು ಹೊರಗಿಟ್ಟಿದ್ದೇ. ಬಾಣಂತಿಗೆ ಬೇಕಾದ್ದು ಅವಳ ಮನೆಯದ್ದೇ ಬೆಚ್ಚಗಿನ ಮೂಲೆ.

6/6
"ನಾವು ಸ್ಟೂಡೆಂಟ್ಸ್, ನಮ್ಮ ಮಾತು ಯಾರು ಕೇಳ್ತಾರೆ" ಅನ್ನಬೇಡಿ. ಹೆರಿಗೆ ಆದ ಮೇಲೆ 42ನೇ ದಿನದ ತನಕ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನ ನೋಡ್ತಾರೆ. ಅವರು ಬಂದಾಗ ಅಜ್ಜೀನೂ ಪಕ್ಕದಲ್ಲಿ ಕೂರಿಸಿ. ನಾವು ಹೇಳಿದ್ರೆ ಎದುರುತ್ತರ, ಅವರು ಹೇಳಿದ್ರೆ ಬುದ್ಧಿಮಾತು! ಕೂಸನ್ನ ಊರಾಚೆ ಇಟ್ಟಿರೋದು ಗೊತ್ತಾದ್ರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ.
ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡೋವಷ್ಟು ಬಿಸಿಲು ನಮ್ಮ ಸೀಮೇಲಿದೆ. ಅದರಲ್ಲಿ ಹತ್ತು ನಿಮಿಷ ನಮ್ಮ ಕೂಸಿಗೂ ಸಿಗಲಿ, ಅವರಮ್ಮನಿಗೂ ಸಿಗಲಿ. ಆಮೇಲೆ ಇಬ್ಬರೂ ಒಳಗೆ ಬರಲಿ.
ಅಂದ ಹಾಗೆ, ಇವತ್ತು ಅಜ್ಜಿ ಒಪ್ಪಿದ್ರು. ಕುಲಾವಿ ಅವರೇ ಕಟ್ಟಿದ್ರು. ನಿಮ್ಮನೇಲಿ ಏನಂತಾರೆ? ಕಾಮೆಂಟಲ್ಲಿ ಹೇಳಿ.

#ಬಾಣಂತನ #ಎಳೆಬಿಸಿಲು #ನಮ್ಮಸೀಮೆ