ತಕ್ಕಡಿಯಲ್ಲಿ ಹೆಣ್ಣು ಮಾತ್ರ

ಹೆಣ್ಣು ನೋಡಲು ಬಂದವರು ಈಗ ಬರೀ ಬಣ್ಣ ನೋಡಿ ಹೋಗುವುದಿಲ್ಲ. 'ಹುಡುಗಿ ಸ್ವಲ್ಪ ದಪ್ಪ' ಎಂದು ಹೇಳಿಯೇ ಏಳುತ್ತಾರೆ. ಅದೂ ಅವಳ ತಾಯಿ ಕರಿದಿಟ್ಟ ಸಮೋಸಾ ತಿಂದು ಮುಗಿಸಿ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಹುಡುಗಿಯ ತೂಕ ಏರಿದಂತೆ ಜೋಡೇ ಕೀ ರಖಮ್ ಕೂಡ ಏರುತ್ತದೆ. ಎರಡನೇ ಸಂಬಂಧದ ಗಂಡೂ 'ಅವಳಿಗೆ ಇದೇ ಹೆಚ್ಚು' ಎನಿಸಿಕೊಳ್ಳುತ್ತಾನೆ. ಇದನ್ನು ಸೌಂದರ್ಯದೃಷ್ಟಿ ಎನ್ನಲು ನಾವು ಸಿದ್ಧರಿಲ್ಲ. ಇದು ಚೌಕಾಸಿ. ಮಹ್ರ್ ಕೊಡಬೇಕಾದವನು ಹೆಣ್ಣಿನ ಮೈಯಲ್ಲಿ ಕುಂದು ಹುಡುಕಿ ಹಣ ಎಣಿಸಿಕೊಳ್ಳುತ್ತಿದ್ದಾನೆ.

ಅಂದವೇ ಮುಖ್ಯವಾಗಿದ್ದರೆ ಗಂಡನ್ನೂ ತೂಗಬೇಕಿತ್ತಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಶೇ. 22.9 ಮಂದಿಯ ತೂಕ ಮಿತಿ ಮೀರಿದೆ. ಕರ್ನಾಟಕದಲ್ಲಿ ಇಬ್ಬರದೂ ಶೇ. 30ರ ಆಸುಪಾಸು. ಆದರೂ ಹೊಟ್ಟೆ ಬಂದ ಗಂಡು 'ಅನುಕೂಲಸ್ಥ', ಹೆಣ್ಣು 'ಸೋಮಾರಿ'. (ನಮ್ಮ ಕಥೆಗಾರರೂ ಕಮ್ಮಿಯಿಲ್ಲ, ಅವರ ನಾಯಕಿಯ ನಡು ಇನ್ನೂ ಬಳ್ಳಿಯೇ.)

ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳಿದೆ: ಈ ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಇಂಥ ಹುಡುಗಿಯರಿಗೆ 'ನಿಕಾಹ್ ಆಗುವ ತನಕ ರಾತ್ರಿಯೂಟ ಬಿಡು' ಎನ್ನುತ್ತೇವೆ. ತೂಕ ಹೆಚ್ಚಲು ಥೈರಾಯ್ಡೋ ಪಿಸಿಓಎಸ್ಸೋ ಕಾರಣವಾಗಿದ್ದರೆ ಡಾಕ್ಟರರ ಚೀಟಿಯನ್ನೇ ಬಚ್ಚಿಡುತ್ತೇವೆ. 'ಮಕ್ಕಳಾಗುವುದಿಲ್ಲವಂತೆ' ಎಂಬ ಸುದ್ದಿ ಮೊಹಲ್ಲಾದಲ್ಲಿ ಹಬ್ಬಿದರೆ? ಹೀಗೆ ಔಷಧಿಯೂ ಮದುವೆಯ ತನಕ ಮುಂದಕ್ಕೆ ಹೋಗುತ್ತದೆ.

ಜಮಾಅತಿನ ಹಿರಿಯರಲ್ಲಿ ನಮ್ಮದೊಂದು ಕೇಳಿಕೆ. ನಿಕಾಹ್ ದಫ್ತರಿನಲ್ಲಿ ಮಹ್ರ್ ಎಷ್ಟೆಂದು ಬರೆಯುತ್ತೀರಿ. ಹುಡುಗನ ಕಡೆಯವರು ಪಡೆದದ್ದೆಷ್ಟು, ಅದನ್ನೂ ಎಲ್ಲರೆದುರು ಕೇಳಿ ಬರೆಯಿರಿ.