ಹನಿಯ ಲೆಕ್ಕ



ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಸೋರುವ ತೊಟ್ಟಿಯ ಲೆಕ್ಕಗಳನ್ನು ಬಿಡಿಸಿದವನು ನಾನು. ಒಂದು ನಳ ಎಷ್ಟು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಎಷ್ಟು ಗಂಟೆಯಲ್ಲಿ ಬರಿದು ಮಾಡುತ್ತದೆ ಎಂಬುದನ್ನು ನಿಮ್ಮಲ್ಲಿ ಅನೇಕರು ಒಳಗೊಳಗೇ ಬೈದುಕೊಂಡು ಕಲಿತಿರಿ. ಆದರೆ ಸೋರುವ ನಲ್ಲಿಯೊಂದನ್ನು ನಾನು ಬಿಚ್ಚಿ ನೋಡಿದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದೂ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿನಲ್ಲಿ, ಎಂದರೆ ನಗಬೇಡಿ.

2024ರ ಏಪ್ರಿಲ್ ತಿಂಗಳಲ್ಲಿ ಮಗಳು ಮತ್ತು ಅಳಿಯ ನಮ್ಮಿಬ್ಬರನ್ನು ತಮ್ಮ ಹಳೆಯ ಮೋಟರ್‌ಹೋಮಿನಲ್ಲಿ ಅಲ್ಲಿಗೆ ಕರೆದೊಯ್ದರು. ಚಕ್ರದ ಮೇಲಿನ ಮನೆ ಎನ್ನಿ. ಮಂಚ, ಒಲೆ, ಬಚ್ಚಲು ಎಲ್ಲವೂ ಉಂಟು. ನಾವು ತಂಗಿದ್ದ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ವಾಹನಕ್ಕೆ ನೇರ ನೀರಿನ ಸಂಪರ್ಕವಿಲ್ಲ. ತೊಟ್ಟಿಯಲ್ಲಿ ತುಂಬಿಸಿಕೊಂಡ 150 ಲೀಟರೇ ಗತಿ.

ಮೊದಲ ರಾತ್ರಿ ಸೀಟಿನ ಅಡಿಯಿಂದ ಆಗಾಗ "ಗುರ್ರ್" ಎಂಬ ಸದ್ದು. ಕೊಳವೆಯಲ್ಲಿ ಒತ್ತಡ ಇಳಿದಾಗ 12 ವೋಲ್ಟಿನ ಪುಟ್ಟ ಪಂಪು ತಾನಾಗಿ ಓಡುತ್ತದೆ. ಯಾರೂ ನಲ್ಲಿ ತೆರೆಯದೆ ಓಡಿತೆಂದರೆ ಎಲ್ಲೋ ಸೋರಿಕೆ. ಅಡುಗೆಕಟ್ಟೆಯ ನಲ್ಲಿ ಸೆಕೆಂಡಿಗೊಂದು ಹನಿ ತೊಟ್ಟಿಕ್ಕುತ್ತಿತ್ತು. ಹಳೆಯ ಚಟ ಬಿಡಬೇಕಲ್ಲ! ಹನಿಯೊಂದು ಕಾಲು ಮಿಲಿಲೀಟರ್ ಎಂದಿಟ್ಟುಕೊಂಡರೆ, ದಿನದ 86,400 ಹನಿಗಳಿಗೆ 21.6 ಲೀಟರ್. ಏಳು ದಿನದಲ್ಲಿ ತೊಟ್ಟಿ ಬರಿದು. ಲೆಕ್ಕ ಮುಗಿಯಿತು; ಹನಿ ನಿಲ್ಲಲಿಲ್ಲ.

"ಮಾವ, ಪಂಪು ಆರಿಸಿ ಮಲಗಿಬಿಡಿ, ಮನೆಗೆ ಹೋದಮೇಲೆ ನೋಡೋಣ" ಎಂದರು ಅಳಿಯ. ನನಗೆ ಮನಸ್ಸು ಒಪ್ಪಲಿಲ್ಲ. ಆ ದಿನವೇ ತಿಳಿದಿದ್ದೆ: ಅಲ್ಲಿನ ನೀರು ಎದುರು ದಂಡೆಯ ಕೆಳಗಿನ ರೋರಿಂಗ್ ಸ್ಪ್ರಿಂಗ್ಸ್ ಎಂಬ ಬುಗ್ಗೆಯಿಂದ, 1960ರ ದಶಕದಲ್ಲಿ ಹಾಕಿದ ಕೊಳವೆಯಲ್ಲಿ ಕಣಿವೆಯನ್ನೇ ದಾಟಿ ಬರುತ್ತದೆ. ಆ ಕೊಳವೆ 2010ರಿಂದೀಚೆಗೆ 85ಕ್ಕೂ ಹೆಚ್ಚು ಸಲ ಒಡೆದಿದೆ. ಅಂಥ ನೀರು ಸಿಂಕಿಗೆ!

ಅಲ್ಲಿ ರಾತ್ರಿ ಒಂಬತ್ತೂವರೆ, ಊರಲ್ಲಿ ಬೆಳಗಿನ ಹತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ವಿಡಿಯೋ ಕರೆ ಮಾಡಿದೆ. ಅವನು ಕೊಳಾಯಿ ಕೆಲಸದವನು. ಎಂಟನೆಯ ತರಗತಿಯಲ್ಲಿದ್ದಾಗ ಬೀಜಗಣಿತದ ಪಾಠ ತಪ್ಪಿಸಿ ಶಾಲೆಯ ನಲ್ಲಿಗೆ ಸೈಕಲ್ ಟ್ಯೂಬಿನ ತುಂಡಿನಿಂದ ವಾಷರ್ ಕತ್ತರಿಸಿ ಹಾಕಿದ್ದ. ನೀರು ನಿಂತಿತು. ನಾನು ಮಾತ್ರ ಇಡೀ ತರಗತಿಯೆದುರು, "ನೀನು ಇದೇ ಕೆಲಸಕ್ಕೆ ಲಾಯಕ್ಕು" ಎಂದೆ. ಎಲ್ಲರೂ ನಕ್ಕರು. ನೀವೂ ಕೆಲವರು ಇದ್ದಿರಿ.

ನಮ್ಮ ಶಾಲೆಗಳಲ್ಲಿ ಕೈಕೆಲಸದ ಅವಧಿ ಎಂಬುದೊಂದಿತ್ತು. ಪಾಠ ಮುಗಿಸುವ ನೆವದಲ್ಲಿ ಅದನ್ನು ಕಸಿದವರು ನಮ್ಮಂಥ ಗಣಿತದ ಮೇಷ್ಟರುಗಳೇ. ಕೈಯಿಂದ ಕಲಿಯುವ ಶಿಕ್ಷಣವನ್ನು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟರೆಂದು ಪಾಠ ಹೇಳಿದವರೂ ನಾವೇ! ನಲ್ಲಿಯ ವಾಷರ್ ಬದಲಿಸುವುದು ಹೈಸ್ಕೂಲಿನಲ್ಲಿ ಪರೀಕ್ಷೆಯ ವಿಷಯವಾಗಬೇಕು, ಹುಡುಗಿಯರಿಗೂ ಹುಡುಗರಿಗೂ, ಮೊದಲ ದರ್ಜೆಯವರಿಗೂ ಕೊನೆಯ ಬೆಂಚಿನವರಿಗೂ. ಇದು ಅತಿಯಾಯಿತೆನ್ನುವವರು ತಮ್ಮ ಬಚ್ಚಲಿನ ನಲ್ಲಿಯನ್ನೊಮ್ಮೆ ನೋಡಿ ಬರಲಿ.

"ಸಾರ್, ಮೊದಲು ಪಂಪು ಆರಿಸಿ" ಎಂದ. "ನಲ್ಲಿ ತೆರೆದು ಒತ್ತಡ ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಸ್ಕ್ರೂ ಬಿದ್ರೆ ಸಿಗಲ್ಲ." ಬಿಸಿನೀರಿನ ಹಿಡಿಯ ಮೇಲಿನ ಮುಚ್ಚಳವನ್ನು ಮೆಲ್ಲನೆ ಎಬ್ಬಿಸಿ, ಸ್ಕ್ರೂ ತೆಗೆದು, ಒಳಗಿನ ನಟ್ಟನ್ನು ಸಡಿಲಿಸಿದೆ. ಮೊಮ್ಮಗಳು ಟಾರ್ಚ್ ಹಿಡಿದಿದ್ದಳು. ಸ್ಪಿಂಡಲ್ಲಿನ ತುದಿಯ ರಬ್ಬರ್ ವಾಷರಿನಲ್ಲಿ ಉಂಗುರದಂತೆ ಗೀರು ಬಿದ್ದಿತ್ತು. ಆ ಹೊತ್ತಿನಲ್ಲಿ ಹೊಸದೆಲ್ಲಿ? "ಮಗುಚಿ ಹಾಕಿ ಸಾರ್, ನಾಳೆವರೆಗೆ ನಡೆಯುತ್ತೆ. ಪ್ಲಾಸ್ಟಿಕ್ಕು, ಜಾಸ್ತಿ ಬಿಗಿ ಮಾಡಬೇಡಿ." ನಾನು ಬಿಗಿ ಮಾಡಿಯೇ ಬಿಟ್ಟೆ, ಗದರಿಸಿ ಸಡಿಲಿಸಿದ.

"ಅಂದು ನಾನು ಆಡಿದ ಮಾತು..." ಎಂದು ತೆಗೆದೆ. "ಅದೆಲ್ಲ ಈಗ ಯಾಕೆ ಸಾರ್, ಪಂಪು ಹಾಕಿ ನೋಡಿ" ಎಂದ. ಹಾಕಿದೆ. ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು.

ಮರುದಿನ ಫ್ಲ್ಯಾಗ್‌ಸ್ಟಾಫ್ ಪಟ್ಟಣದಲ್ಲಿ ಹೊಸ ವಾಷರ್ ಕೊಂಡೆವು. ಊರಿಗೆ ಮರಳಿದಮೇಲೆ ಅವನ ಮನೆಗೂ ಹೋಗಿಬಂದೆ. ಕಾಫಿ ಕುಡಿದೆ, ಆ ಮಾತನ್ನು ಮಾತ್ರ ಅಲ್ಲಿಯೂ ಪೂರ್ತಿ ಆಡಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಅವನ ಮಗಳು ಇದನ್ನು ಓದುತ್ತಾಳಂತೆ.