ನಯಾಗರಾಕ್ಕೂ ಟೈಮ್‌ಟೇಬಲ್ ಇದೆ, ನಮ್ಮ ಘಟಪ್ರಭೆಗೆ?

ನಯಾಗರಾ ಜಲಪಾತಕ್ಕೆ ಡ್ಯೂಟಿ ಟೈಮ್ ಇದೆ ಅಂದ್ರೆ ನಂಬ್ತೀರಾ?

ಹೋದ ಬೇಸಿಗೆಯಲ್ಲಿ ಆಫೀಸ್ ಕೆಲಸಕ್ಕೆ ಟೊರೊಂಟೊಗೆ ಹೋಗಿದ್ದೆ. ಒಂದು ಭಾನುವಾರ ನಯಾಗರಾ ನೋಡಿಬಂದೆ. ಕೆನಡಾ ಕಡೆ ನಿಂತರೆ ಕುದುರೆ ಲಾಳದ ಆಕಾರದ ಹಾರ್ಸ್‌ಶೂ ಜಲಪಾತ ಎದುರಿಗೇ ಕಾಣುತ್ತೆ. ಎತ್ತರ ಸುಮಾರು 57 ಮೀಟರ್. ತುಂತುರು ಹಾರಿ ಮೊಬೈಲ್ ಪೂರ್ತಿ ಒದ್ದೆ. ಕೆಳಗೆ ದೋಣಿಯಲ್ಲಿ ಕೆಂಪು ರೇನ್‌ಕೋಟ್ ಹಾಕಿಕೊಂಡವರು ಖುಷಿಯಿಂದ ಕೂಗ್ತಾ ಇದ್ದರು.

ನಾನು ಮಸಗುಪ್ಪಿಯವನು. ನಮ್ಮ ಗೋಕಾಕ ಜಲಪಾತವೂ ಲಾಳದ ಆಕಾರದ್ದೇ, ಎತ್ತರ 52 ಮೀಟರ್. ಅದನ್ನ ಪುಟ್ಟ ನಯಾಗರಾ ಅಂತ ಕರೆಯೋದನ್ನ ಚಿಕ್ಕಂದಿನಿಂದ ಕೇಳಿದ್ದೆ. ಎತ್ತರದಲ್ಲಿ ವ್ಯತ್ಯಾಸ ಬರೀ 5 ಮೀಟರ್! ಅಗಲ ಮಾತ್ರ ಹೋಲಿಸೋ ಹಾಗೇ ಇಲ್ಲ.

ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಭಾಳ ಚಂದ ಐತಿ ನೋಡಪಾ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟ ನೀರ ಕೆಳಗ ಯಾವ ಊರಾಗ ಹೊಕ್ಕೈತಿ?" ಅಂತ ಕೇಳಿದಳು.

"ಊರಾಗ ಬರಂಗಿಲ್ಲವ್ವಾ. ಆಳದ ಕಣಿವ್ಯಾಗ ಹರದು ಮತ್ತೊಂದು ಸರೋವರಕ್ಕ ಹೋಕ್ಕೈತಿ" ಅಂದೆ.

"ಪುಣ್ಯಾ ಮಾಡ್ಯಾರ ಬಿಡ" ಅಂದಳು.

ಜಲಪಾತ ಧುಮುಕಿದ ಮೇಲೆ ಘಟಪ್ರಭೆ ಗೋಕಾಕ ದಾಟಿ ನಮ್ಮ ಕಡೆಗೇ ಬರ್ತಾಳೆ. 2019ರ ಆಗಸ್ಟ್‌ನಲ್ಲಿ ಊರೊಳಗೇ ಬಂದಳು. ನಮ್ಮ ಮನೆಯವರು ಎಮ್ಮೆ ಹೊಡಕೊಂಡು ಎತ್ತರದ ಜಾಗಕ್ಕೆ ಹೋದರು. ನೀರು ಇಳಿದಾಗ ಹಿತ್ತಲ ಗೋಡೆ ಇರಲಿಲ್ಲ, ಕಬ್ಬು ಕೊಳೆತಿತ್ತು. ಅದೇ ವಾರ ಬೆಂಗಳೂರಲ್ಲಿದ್ದ ನನ್ನ ಫೋನಿಗೆ ಗೋಕಾಕ ಜಲಪಾತದ ವಿಡಿಯೋಗಳ ಸುರಿಮಳೆ. ಎಲ್ಲದರ ಕೆಳಗೂ "ವಾವ್".

ಈಗ ಡ್ಯೂಟಿ ಟೈಮ್ ವಿಷಯ. ನಯಾಗರಾದ ನೀರಿನ ದೊಡ್ಡ ಪಾಲು ಜಲಪಾತಕ್ಕಿಂತ ಮೇಲೇ ವಿದ್ಯುತ್ ಕೇಂದ್ರಗಳಿಗೆ ತಿರುಗುತ್ತೆ. ನೋಡೋಕೆ ಬಂದವರಿಗೆ ನಿರಾಸೆ ಆಗಬಾರದಲ್ಲ? ಅದಕ್ಕೇ ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡವು. ಪ್ರವಾಸಿ ಸೀಸನ್‌ನಲ್ಲಿ ಹಗಲು ಕನಿಷ್ಠ 1 ಲಕ್ಷ ಕ್ಯೂಸೆಕ್ ಧುಮುಕಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು. ಹೊತ್ತು ಮೀರಿದರೆ ಜಲಪಾತವೂ ಅರ್ಧ ಡ್ಯೂಟಿಗೆ ಇಳಿಯುತ್ತೆ!

ನಮ್ಮಲ್ಲಿ ಹೀಗೆ ಮಾಡೋಕಾಗುತ್ತಾ? ಪೂರ್ತಿ ಆಗಲ್ಲ. ನಯಾಗರಾದ ಹಿಂದೆ ಈರಿ ಸರೋವರ ಇದೆ, ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಹದದಲ್ಲಿ ನೀರು ಕೊಡುತ್ತೆ. ಘಟಪ್ರಭೆ ಸಹ್ಯಾದ್ರಿಯ ಮಳೆ ನಂಬಿದ ಹೊಳೆ. ಬೇಸಿಗೆಯಲ್ಲಿ ಜಲಪಾತದ ಜಾಗದಲ್ಲಿ ಬರೀ ಬಂಡೆ. ಮಳೆ ಜೋರಾದರೆ ಹಿಡಕಲ್ ಡ್ಯಾಂ ತುಂಬಿ ಗೇಟ್ ತೆಗೀತಾರೆ, ಜೊತೆಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು ಬೇರೆ. ಲೋಳಸೂರ ಸೇತುವೆ ಮುಳುಗಿತು ಅಂದರೆ ಕೆಳಗಿನ ಊರವರು ಗಂಟುಮೂಟೆ ಕಟ್ಟೋಕೆ ಶುರು ಮಾಡ್ತಾರೆ.

ಆದರೆ ನೋಡುವವರ ಸಂತೋಷಕ್ಕೆ ಎಷ್ಟು ಕ್ಯೂಸೆಕ್, ಎಷ್ಟು ಗಂಟೆಗೆ ಅಂತ ಬರೆದಿಡಬಹುದಾದರೆ, ದಂಡೆಯಲ್ಲಿ ಮಲಗಿದವರಿಗೆ ಎಷ್ಟು ಬಿಟ್ಟಿದ್ದಾರೆ, ಯಾವಾಗ ಬಂದು ಮುಟ್ಟುತ್ತೆ ಅಂತ ಮನೆಮನೆಗೆ ಹೇಳೋದು ಅಷ್ಟು ಕಷ್ಟವಾ? ಊರಲ್ಲಿ ಡಂಗುರ ಸಾರಿದರೂ ನಡೆಯುತ್ತೆ, ಫೋನಿಗೆ ಮೆಸೇಜ್ ಬಂದರೂ ನಡೆಯುತ್ತೆ. ಕತ್ತಲಾಗೋಕೆ ಮುಂಚೆ ತಿಳಿದರೆ ಎಮ್ಮೆ ಉಳಿಯುತ್ತೆ, ಕಾಗದಪತ್ರ ಉಳಿಯುತ್ತೆ.

ಈ ಮಳೆಗಾಲ ಗೋಕಾಕಕ್ಕೆ ಖಂಡಿತ ಹೋಗಿ. ತೂಗುಸೇತುವೆ ನೋಡಿ, ಕರದಂಟು ತನ್ನಿ, ರೀಲ್ಸೂ ಮಾಡಿ. ಅದರ ಕೆಳಗೆ ಅವತ್ತು ಹೊಳೆಯಲ್ಲಿ ಎಷ್ಟು ಕ್ಯೂಸೆಕ್ ಇದೆ ಅಂತ ಒಂದು ಸಾಲು ಸೇರಿಸಿ. ಊರು ಬಿಟ್ಟು ದೂರ ಇರೋ ನಮ್ಮಂಥವರು ಅದನ್ನ ನೋಡಿದ ತಕ್ಷಣ ಮನೆಗೆ ಫೋನ್ ಮಾಡ್ತೀವಿ.